ದಬಾಯಿಸುವ ಪದದ ಲಕ್ಕಣ್ಣ

ಮೈಕ್ ಸರಿಯಾಗಿದೆಯೋ ಇಲ್ಲವೋ ನೋಡುವುದಕ್ಕೆ ಊರಿನವರೆಲ್ಲ ‘ಹಲೋ ಹಲೋ, ಮೈಕ್ ಟೆಸ್ಟಿಂಗ್’ ಎನ್ನುತ್ತಾರೆ. ಲಕ್ಕಣ್ಣ ಒಮ್ಮೆಯೂ ಹಾಗೆ ಅಂದವನಲ್ಲ. ಅಂಗೈಯಿಂದ ಎದೆಯ ಮೇಲೆ ಎರಡು ಸಣ್ಣ ಪೆಟ್ಟು, ಒಂದು ದೊಡ್ಡ ಪೆಟ್ಟು ಹೊಡೆದುಕೊಂಡು ತಾಳ ಹಿಡಿದು, ‘ಹಾಲ್ನಾಗೆ ನೀರೈತೆ, ನಲ್ಲೀಲಿ ಗಾಳೈತೆ, ನಮ್ಮೂರ್ನಾಗೆ ಏನಿಲ್ಲ ಹೇಳ್ರಪ್ಪಾ, ಎಲ್ಲಾ ಐತೆ’ ಎಂದು ಒಂದೇ ಉಸಿರಿನಲ್ಲಿ ಒದರುತ್ತಿದ್ದ. ಚಪ್ಪರದ ಕೆಳಗಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಹಾಲಿನ ಡೈರಿಯ ಕಾರ್ಯದರ್ಶಿ ಮಾತ್ರ ನಗುತ್ತಿರಲಿಲ್ಲ.

ತುರುವೇಕೆರೆ ಬಸ್‌ಸ್ಟ್ಯಾಂಡಿನ ಎದುರಿಗೆ ಅವನ ಮೈಕ್‌ಸೆಟ್ ಅಂಗಡಿ. ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತಿಯಾಗಿ ಬಂದವನು. ಪಂಚೆ ಉಟ್ಟು ಅದರ ಕೆಳಗೆ ಮಿಲ್ಟ್ರಿ ಬೂಟು ಹಾಕುತ್ತಿದ್ದ. ಆ ವೇಷದಲ್ಲಿ ಅವನು ನಡೆದು ಬಂದರೆ ಮೊದಲ ಸಲ ನೋಡಿದವರಿಗೆ ಮೇಲಿನ ಅರ್ಧ ಒಬ್ಬರದು, ಕೆಳಗಿನ ಅರ್ಧ ಇನ್ನೊಬ್ಬರದು ಅನ್ನಿಸುತ್ತಿತ್ತು. ಆಟೋದ ತಲೆಯ ಮೇಲೆ ಎರಡು ಹಾರನ್, ಒಳಗೆ ಬ್ಯಾಟರಿ, ಆಂಪ್ಲಿಫೈಯರ್, ಟೇಪ್ ರೆಕಾರ್ಡರ್. ಮದುವೆ, ತಿಥಿ, ಓಟಿನ ಪ್ರಚಾರ, ಕಳೆದುಹೋದ ಎಮ್ಮೆ, ಯಾವುದಕ್ಕೂ ಇಲ್ಲ ಎನ್ನುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ವೈರನ್ನು ಮೊಣಕೈಗೆ ಸುತ್ತುವುದನ್ನು ನೋಡಬೇಕಿತ್ತು. ಎಷ್ಟೇ ಅವಸರವಿರಲಿ, ಒಂದು ಸುತ್ತು ಇನ್ನೊಂದರ ಮೇಲೆ ಏರಬಾರದು.

ನಾನಾಗ ಅಲ್ಲೇ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಬಂದಿದ್ದೆ. ತಾಲ್ಲೂಕಿನಲ್ಲಿ ನನ್ನಷ್ಟು ಇಂಗ್ಲಿಷ್ ಬಲ್ಲವರು ಇನ್ನೊಬ್ಬರಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಆ ಜಂಬಕ್ಕೆ ಮೊದಲ ಪೆಟ್ಟು ಬಿದ್ದದ್ದು ಲಕ್ಕಣ್ಣನ ಅಂಗಡಿಯಲ್ಲಿ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಗೆ ಹೋಗಲು ನೊಣವಿನಕೆರೆಯ ಬಸ್ಸಿಗೆ ಕಾಯುತ್ತಿದ್ದೆ. ಲಕ್ಕಣ್ಣ ರಸ್ತೆ ದಾಟಿ ಬಂದು ಅಟೆನ್ಷನ್‌ನಲ್ಲಿ ನಿಂತ.

‘ಮೇಡಮ್ಮೋರೆ, ನಿಮ್ಮಿಂದ ಒಂದು ಉಪ್ಕಾರ ಆಗ್ಬೇಕು. ಒಂದು ಇಂಗ್ಲಿಷ್ ಪದ ಐತೆ. ಅರ್ಥ ಬರ್ಕೊಡ್ಬೇಕು.’

ಪದವೆಂದರೆ ಅವನ ಮಾತಿನಲ್ಲಿ ಹಾಡು. ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಹಳೆಯ ಕ್ಯಾಸೆಟ್ ಹಾಕಿದ. ಮೇಲಿನ ಚೀಟಿ ಹರಿದುಹೋಗಿತ್ತು, ಹಾಡಿದವರ ಹೆಸರಿರಲಿಲ್ಲ. ರಾಗವೂ ಇರಲಿಲ್ಲ. ಡೋಲಿನ ಹೊಡೆತದ ಮೇಲೆ ಒಬ್ಬ ಗಂಡಸು ಉಸಿರು ತೆಗೆದುಕೊಳ್ಳದೆ ಮಾತಾಡುತ್ತಿದ್ದ. ಇದನ್ನು ರ್‍ಯಾಪ್ ಎನ್ನುತ್ತಾರೆ, ಇದಿರುವ ಲೋಕಕ್ಕೆ ಹಿಪ್ ಹಾಪ್ ಎಂದು ಹೆಸರು ಎಂಬುದನ್ನು ನಾನು ಪತ್ರಿಕೆಯಲ್ಲಿ ಓದಿ ತಿಳಿದದ್ದು ಎಷ್ಟೋ ಕಾಲದ ಮೇಲೆ. ಲಕ್ಕಣ್ಣ ಅದಕ್ಕೆ ಆಗಲೇ ಹೆಸರಿಟ್ಟಿದ್ದ, ‘ದಬಾಯಿಸೋ ಪದ’ ಅಂತ.

ಆ ಕ್ಯಾಸೆಟ್ ಅವನ ಕೈಗೆ ಬಂದದ್ದು ಆಫ್ರಿಕಾದಲ್ಲಿ. ಅಲ್ಲಿನ ಒಂದು ದೇಶದಲ್ಲಿ ಒಳಜಗಳ ನಡೆದಾಗ ಶಾಂತಿ ಕಾಯಲು ಹೋದ ನಮ್ಮ ಪಡೆಯಲ್ಲಿ ಇವನೂ ಇದ್ದ. ಪಕ್ಕದ ಡೇರೆಯಲ್ಲಿ ಅಮೆರಿಕದ ಸೈನಿಕರು. ಅವರಲ್ಲೊಬ್ಬ ಕರಿಯ ಹುಡುಗ ಬಂದೂಕು ಒರೆಸುತ್ತಾ ಇದನ್ನೇ ಕೇಳುತ್ತಿದ್ದನಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. ‘ಏನಂತಾನೆ ಇವನು?’ ಎಂದು ಲಕ್ಕಣ್ಣ ಸನ್ನೆಯಲ್ಲಿ ಕೇಳಿದ್ದಕ್ಕೆ ಹುಡುಗ ಬಂದೂಕು ತೋರಿಸಿ, ಬೇಡ ಎಂದು ಕೈಯಾಡಿಸಿದನಂತೆ. ಆಮೇಲೆ ತನ್ನ ಎದೆ ತೋರಿಸಿ, ಸರ್ಕಾರದ ಸೀಲಿದ್ದ ಪೆಟ್ಟಿಗೆ ತೋರಿಸಿ, ನೆಲಕ್ಕೆ ಉಗಿದನಂತೆ.

‘ಯುದ್ಧಕ್ಕೆ ಬಂದೋನೇ ಯುದ್ಧ ಬ್ಯಾಡ ಅನ್ನೋ ಪದ ಕೇಳ್ತಾವ್ನಲ್ಲ, ಇವ್ನಿಗೇನು ಬಂತು ಅಂದ್ಕಂಡೆ. ಆಮೇಲೆ ಅನ್ಸ್ತು, ಇನ್ಯಾರು ಕೇಳ್ಬೇಕು? ಅಟ್ಟದ ಮ್ಯಾಗೆ ಕುಂತಿರೋನು ಕೇಳ್ತಾನಾ?’ ಎಂದು ಲಕ್ಕಣ್ಣ ಹೇಳುತ್ತಿದ್ದ. ಹೊರಡುವ ದಿನ ತನ್ನ ಪೆಟ್ಟಿಗೆಯಲ್ಲಿದ್ದ ಎರಡು ಉಂಡೆ ಕೊಬ್ಬರಿಯನ್ನು ಆ ಹುಡುಗನಿಗೆ ಕೊಟ್ಟ. ಹುಡುಗ ಕ್ಯಾಸೆಟ್ ಕೊಟ್ಟ.

ಆ ಇಂಗ್ಲಿಷ್ ನನಗೆ ತಲೆಬುಡ ತಿಳಿಯಲಿಲ್ಲ ಎಂಬುದು ಸತ್ಯ. ನಾನು ಓದಿದ ಇಂಗ್ಲಿಷಿನಲ್ಲಿ ಜನ ತೋಟದಲ್ಲಿ ನಿಂತು ಹೂವನ್ನು ನೋಡುತ್ತಿದ್ದರು. ಈ ಮನುಷ್ಯ ಯಾವುದೋ ಬೀದಿಯಲ್ಲಿ ನಿಂತು ಯಾರ ಕೊರಳಪಟ್ಟಿಯನ್ನೋ ಹಿಡಿದಿದ್ದ. ತಿಳಿಯಲಿಲ್ಲ ಎನ್ನಲು ನಾಚಿಕೆಯಾಗಿ ಕ್ಯಾಸೆಟ್ ಮನೆಗೆ ತಂದೆ. ಭಾನುವಾರವೆಲ್ಲ ಕೇಳಿ, ಸಿಕ್ಕ ನಾಲ್ಕು ಮಾತು ಹಿಡಿದು, ಉಳಿದದ್ದನ್ನು ಸ್ವಂತ ಕಟ್ಟಿ ಎರಡು ಹಾಳೆ ಬರೆದೆ. ‘ಓ ಮಾನವ, ಶಾಂತಿಯೇ ಬಾಳಿನ ಬೆಳಕು’ ಎಂದೆಲ್ಲ ಇತ್ತು ಅದರಲ್ಲಿ.

ಲಕ್ಕಣ್ಣ ಹಾಳೆ ಓದಿದ. ಟೇಪ್ ಹಾಕಿ ಮತ್ತೆ ಓದಿದ. ಮೂಲೆಯಲ್ಲಿದ್ದ ಒಣ ಕಾಯಿಯೊಂದನ್ನು ತೆಗೆದುಕೊಂಡು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ.

‘ನಿಮ್ಮಪ್ಪಾರು ಅಟ್ಟದ ಕಾಯಿ ಹೆಂಗೆ ನೋಡ್ತಾರೆ?’

ಹೇಗೆಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ವರ್ಷ ತುಂಬುವವರೆಗೆ ಅಟ್ಟದಲ್ಲಿ ಒಣಗಿದ ಕಾಯಿಯ ನೀರು ಆರಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಒಡೆಯದೆಯೇ ಹೇಳಬಹುದು.

‘ಹಂಗೇ ಇದೂವೆ. ಈ ಮನ್ಷ ಹಲ್ಲು ಕಚ್ಕಂಡು ಹೇಳ್ತಾವ್ನೆ ಮೇಡಮ್ಮೋರೆ. ನೀವು ಬರ್ದಿರೋದು ಮಜ್ಜಿಗೆ ಕುಡ್ದು ಹೇಳ್ದಂಗೈತೆ. ಇದು ಅವಂದಲ್ಲ, ನಿಮ್ದು.’

ನನ್ನ ಮುಖ ಕೆಂಪಾಯಿತು. ಬಸ್ಸು ಬಂತೆಂದು ಸುಳ್ಳು ಹೇಳಿ ಎದ್ದುಬಿಟ್ಟೆ. ಅವನು ಬಾಗಿಲಿಗೆ ಬಂದು, ‘ತಿಳೀದಿದ್ರೆ ಜಾಗ ಬುಡಿ, ಅದ್ರಲ್ಲೇನು ಅವ್ಮಾನ? ಸೈನ್ಯದಾಗೆ ನಮ್ಗೂ ಎಷ್ಟೋ ಆರ್ಡರು ತಿಳೀತಿರ್ಲಿಲ್ಲ’ ಎಂದ. ಮೂರು ದಿನ ಅವನ ಅಂಗಡಿಯ ಕಡೆ ತಿರುಗಿ ನೋಡಲಿಲ್ಲ. ನಾಲ್ಕನೆಯ ದಿನ ನಾನೇ ಹೋದೆ.

ಆಮೇಲೆ ಪ್ರತಿ ಶನಿವಾರ ಕೂತೆವು. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಹಿಂದಕ್ಕೆ ಓಡಿಸುವುದು. ನಿಧಾನವಾಗಿ ಆ ಮನುಷ್ಯನ ಮಾತು ಬಿಡಿಸಿಕೊಳ್ಳತೊಡಗಿತು. ಅವನ ಬೀದಿಯ ದೀಪ ಉರಿಯುವುದಿಲ್ಲ, ಶಾಲೆಯ ಮಾಡು ಸೋರುತ್ತದೆ, ಆಸ್ಪತ್ರೆಯಲ್ಲಿ ಔಷಧಿಯಿಲ್ಲ. ಅದಕ್ಕೆಲ್ಲ ಇಲ್ಲದ ದುಡ್ಡು ಬಾಂಬಿಗೆ ಎಲ್ಲಿಂದ ಬಂತು ಎಂದು ಅವನು ಕೇಳುತ್ತಿದ್ದ. ಯುದ್ಧ ಬೇಕೆಂದವರ ಮಕ್ಕಳು ಯುದ್ಧಕ್ಕೆ ಹೋಗುವುದಿಲ್ಲ ಎನ್ನುತ್ತಿದ್ದ. ದೇವರನ್ನಾಗಲಿ ಮಾನವಕುಲವನ್ನಾಗಲಿ ಕರೆಯುತ್ತಿರಲಿಲ್ಲ. ದೊರೆಯನ್ನೇ ಹೆಸರು ಹಿಡಿದು ಕರೆಯುತ್ತಿದ್ದ. ಅಷ್ಟು ದೂರದ ಬೀದಿಯವನ ಸಿಟ್ಟು ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಷ್ಟು ಚೆನ್ನಾಗಿ ಅರ್ಥವಾಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ತಿಳಿಯದ ಕಡೆ ನಾನು ಜಾಗ ಬಿಟ್ಟೆ. ಆ ಖಾಲಿ ಜಾಗಗಳಲ್ಲಿ ಲಕ್ಕಣ್ಣ ತನ್ನ ಮಾತು ತುಂಬಿದ. ಒಂದು ಶನಿವಾರ ಹಾಗೇ ಒಂದು ಖಾಲಿ ಸಾಲಿನ ಹತ್ತಿರ ಬಂದು ಟೇಪ್ ನಿಲ್ಲಿಸಿ ಸೈನ್ಯದ ಮಾತು ತೆಗೆದ. ಆಫ್ರಿಕಾದಲ್ಲಿ ಅವನ ಜೊತೆ ಪಹರೆಯಲ್ಲಿದ್ದ ಪಂಜಾಬಿನ ಗೆಳೆಯನೊಬ್ಬ ಗುಂಡು ತಗುಲಿ ಸತ್ತಿದ್ದ. ಅವನ ಜೇಬಿನಲ್ಲಿ ಮಗಳಿಗೆಂದು ಕೊಂಡ ರಿಬ್ಬನ್ ಇತ್ತಂತೆ. ಸಾಮಾನು ಪಟ್ಟಿ ಮಾಡಿ ಊರಿಗೆ ಕಳಿಸುವ ಕೆಲಸ ಲಕ್ಕಣ್ಣನ ಪಾಲಿಗೆ ಬಂತು. ‘ಗಡಿಯಾರ ಒಂದು, ಪೆನ್ನು ಒಂದು, ರಿಬ್ಬನ್ನು ಒಂದು ಮೊಳ ಅಂತ ಬರ್ದೆ ಮೇಡಮ್ಮೋರೆ. ಹೊಡ್ದೋನು ಯಾರು ಅಂದ್ರೆ, ಅವನ್ ಕಾಲಿಗೆ ಚಪ್ಲೀನೂ ಇರ್ಲಿಲ್ಲ.’ ಅದನ್ನು ಅವನು ಮಾತಿನಲ್ಲಿ ಹೇಳಿದ್ದು ಅದೊಂದೇ ಸಲ, ಆ ಖಾಲಿ ಸಾಲಿಗೆ ಮಾತ್ರ ರಿಬ್ಬನ್ನೇ ಬಂತು. ನಾನು ಅವತ್ತು ಅತ್ತೆ, ಅವನು ಅಳಲಿಲ್ಲ.

ಹೀಗೆ ಕನ್ನಡದ ದಬಾಯಿಸುವ ಪದ ಹುಟ್ಟಿತು. ಅದಕ್ಕೆ ತಾಳ ಸಿಕ್ಕಿದ್ದು ಕೊಬ್ಬರಿ ಮಂಡಿಯ ಅಂಗಳದಲ್ಲಿ. ಲಕ್ಕಣ್ಣನ ಹೆಂಡತಿ ಗೌರಮ್ಮ ಅಲ್ಲಿ ಕರಟ ಒಡೆಯುವ ಕೆಲಸ ಮಾಡುತ್ತಿದ್ದಳು. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ಮಚ್ಚಿನಿಂದ ಕರಟಕ್ಕೆ ಎರಡು ಸಣ್ಣ ಏಟು, ಒಂದು ದೊಡ್ಡ ಏಟು ಹಾಕಿದರೆ ಒಳಗಿನ ಉಂಡೆ ಗಾಯವಾಗದೆ ಈಚೆ ಬರುತ್ತದೆ. ಲಕ್ಕಣ್ಣ ಆ ಏಟಿನ ಜೊತೆಗೆ ತನ್ನ ಮಾತು ಕೂಡಿಸಿಕೊಂಡು ಅಭ್ಯಾಸ ಮಾಡುತ್ತಿದ್ದ. ಹೆಂಗಸರಿಗೂ ಬೇಸರ ಕಳೆಯುತ್ತಿತ್ತು.

‘ನಂದು ಬಾಡ್ಗೆ ಬಾಯಿ’ ಎಂದು ಒಂದು ದಿನ ಹೇಳಿದ. ‘ಮದ್ವೆಯೋರು ಬಂದ್ರೆ ಅವ್ರ ಪದ, ಓಟಿನೋರು ಬಂದ್ರೆ ಅವ್ರ ಪದ. ಒಂದೇ ಒಂದಿನ ನಮ್ಮೂರ ಜನದ ಮುಂದೆ, ನನ್ನ ಮೈಕ್ನಾಗೆ, ನನ್ನ ಪದ ಪೂರ್ತಿ ಹೇಳ್ಬೇಕು. ಅಷ್ಟಾದ್ರೆ ಸಾಕು ಕಣ್ರೀ.’

ಮಂಡಿಯ ಮಾಲೀಕರು ಬಸವರಾಜಪ್ಪನವರು. ನಮ್ಮ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಯೂ ಅವರೇ. ಅವರ ಕಿವಿ ತಕ್ಕಡಿಯಿದ್ದಂತೆ ಎಂದು ರೈತರು ಹೇಳುತ್ತಿದ್ದರು. ರಾಶಿಯಿಂದ ಒಂದು ಕಾಯಿ ಎತ್ತಿ ಅಲ್ಲಾಡಿಸಿ ಇಡೀ ಅಟ್ಟದ ಗುಣ ಹೇಳುತ್ತಿದ್ದರು, ಅದು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅಂಥವರು ಆ ಬೇಸಿಗೆಯಲ್ಲಿ ತಪ್ಪಿದರು.

ಉತ್ತರದ ಹಿಮದ ಬೆಟ್ಟಗಳಲ್ಲಿ ಯುದ್ಧ ಶುರುವಾಗಿತ್ತು. ಟೀವಿ ಇದ್ದ ಮನೆಗಳ ಮುಂದೆ ಜನ ನಿಲ್ಲುತ್ತಿದ್ದರು. ನಮ್ಮೂರಿನಲ್ಲೂ ಯೋಧರ ಬೆಂಬಲಕ್ಕೆ ಮೆರವಣಿಗೆ ಮಾಡುವುದೆಂದು ಸಮಿತಿಯಾಯಿತು, ಬಸವರಾಜಪ್ಪನವರು ಅಧ್ಯಕ್ಷರಾದರು. ಮಂಡಿಯ ಗಲ್ಲಾದಲ್ಲಿ ಕೂತು ಅವರು ಅಂಗಳದ ತಾಳವನ್ನು ಕೇಳಿದ್ದರು. ಮಾತು ಕೇಳಿರಲಿಲ್ಲ, ಹುರುಪು ಮಾತ್ರ ಕಿವಿಗೆ ಬಿದ್ದಿತ್ತು. ಲಕ್ಕಣ್ಣನನ್ನು ಕರೆದು, ‘ಏನಪ್ಪಾ ಲಕ್ಕಣ್ಣ, ಅದೇನೋ ಹೊಸ ಥರ ಪದ ಹೇಳ್ತೀಯಲ್ಲ, ಮೈ ಜುಂ ಅನ್ನುತ್ತೆ. ಮೆರವಣಿಗೆ ಮುಂದೆ ಅದನ್ನೇ ಹೇಳು. ನೀನೂ ಮಿಲ್ಟ್ರಿಯೋನು’ ಎಂದರು.

‘ಪೂರ್ತಿ ಹೇಳ್ಬೋದಾ ಯಜಮಾನ್ರೆ?’ ಎಂದು ಇವನು ಕೇಳಿದ.

‘ಅರ್ಧ ಹೇಳೋಕೆ ಮೈಕ್ ಯಾಕಪ್ಪಾ?’ ಎಂದರು ಅವರು.

ನಾನು ಬೇಡವೆಂದೆ. ಊರು ಈಗ ಕಾದ ಹೆಂಚಾಗಿದೆ, ಸಮಯ ನೋಡಿ ಹೇಳಿ, ಅಂಗಡಿ ಮುಚ್ಚಿಸಿಬಿಡುತ್ತಾರೆ ಎಂದೆ. ಅವನು ಬೂಟಿಗೆ ಪಾಲಿಶ್ ಹಾಕುತ್ತಿದ್ದ. ‘ಮಳೆ ನಿಂತ ಮ್ಯಾಗೆ ಕೊಡೆ ಬಿಚ್ಚಾಕಾಯ್ತದಾ? ಬೆಟ್ಟದ ಮ್ಯಾಗಿರೋ ಹುಡುಗ್ರು ನನ್ನ ರೆಜಿಮೆಂಟಿನೋರು. ಅವ್ರ ಕಷ್ಟ ಹೇಳೋದು ದ್ರೋಹ ಅಂದ್ರೆ ಅನ್ಲಿ, ಬುಡಿ’ ಎಂದ. ಅವನ ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ. ಅಳುಕಿದ್ದದ್ದು ನನಗೆ.

ಮೆರವಣಿಗೆಯ ದಿನ ನಾನು ಶಾಲೆಯ ಮಕ್ಕಳ ಸಾಲಿನ ಪಕ್ಕ ನಿಂತಿದ್ದೆ. ಸರ್ಕಲ್ಲಿನಲ್ಲಿ ಜನ ಸೇರಿದ ಮೇಲೆ ಲಕ್ಕಣ್ಣ ಆಟೋದ ಪಕ್ಕ ನೆಟ್ಟಗೆ ನಿಂತು ಮೈಕ್ ಹಿಡಿದ. ಎದೆಯ ಮೇಲೆ ಎರಡು ಸಣ್ಣ ಪೆಟ್ಟು, ಒಂದು ದೊಡ್ಡ ಪೆಟ್ಟು.

‘ಜೈ ಅಂತ ಕೂಗೋನ ಮಗ ಕಾಲೇಜ್ನಾಗವ್ನೆ,
ಕೈ ಕೆಸ್ರು ಮಾಡ್ಕಂಡೋನ ಮಗ ಕಂದಕ್ದಾಗವ್ನೆ.
ಹಾರ ತಂದೋರೇ ಒಸಿ ನಿಂತ್ಕಳಿ,
ಯಾರ ಕೊರಳ್ಗೆ ಅಂತ ಕೇಳ್ಕಳಿ.
ಗುಂಡಿಗೆ ಗೊತ್ತಿಲ್ಲ ಯಾವನ್ ಯಾವೂರೋನು,
ಹೆತ್ತೋಳ್ಗೆ ಗೊತ್ತು, ಬಂದಿಲ್ಲ ನಮ್ಮೋನು.’

ಮೊದಲೆರಡು ಸಾಲಿಗೆ ಜನ ಚಪ್ಪಾಳೆಯನ್ನೂ ತಟ್ಟಿದರು, ತಾಳ ಹಾಗಿತ್ತು. ಆಮೇಲೆ ಮಾತು ಒಬ್ಬೊಬ್ಬರ ಕಿವಿಗೆ ಇಳಿಯಿತು. ಚಪ್ಪಾಳೆ ನಿಂತಿತು. ಬಸವರಾಜಪ್ಪನವರ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ, ಅದು ಎಲ್ಲರಿಗೂ ಗೊತ್ತಿತ್ತು. ಅವರು ವೇದಿಕೆಯಿಂದ ಇಳಿದು ಬಂದು, ಬ್ಯಾಟರಿಗೆ ಹೋಗಿದ್ದ ವೈರನ್ನು ಸ್ವತಃ ಕಿತ್ತರು. ಇವನು ಮೈಕ್ ಕೆಳಗಿಟ್ಟು ಬರಿಯ ಗಂಟಲಿನಲ್ಲಿ ಇನ್ನೆರಡು ಸಾಲು ಹೇಳಿದ. ‘ದ್ರೋಹಿ’ ಎಂದು ಯಾರೋ ಕೂಗಿದರು, ಹಿಂದಿನಿಂದ ಒಂದು ಚಪ್ಪಲಿ ಬಂತು. ಸಿನಿಮಾದಲ್ಲಾಗಿದ್ದರೆ ಯಾವಳೋ ಒಬ್ಬ ತಾಯಿ ಮುಂದೆ ಬಂದು ಅವನ ಪರ ನಿಲ್ಲಬೇಕಿತ್ತು. ಹಾಗೇನೂ ಆಗಲಿಲ್ಲ. ಲಕ್ಕಣ್ಣ ವೈರನ್ನು ಮೊಣಕೈಗೆ ಸುತ್ತತೊಡಗಿದ. ಆ ಗದ್ದಲದಲ್ಲೂ ಒಂದು ಸುತ್ತು ಇನ್ನೊಂದರ ಮೇಲೆ ಏರಲಿಲ್ಲ.

ಆಗಬೇಕಾದದ್ದೆಲ್ಲ ಆಯಿತು. ಠಾಣೆಗೆ ಕರೆಸಿ ಮಧ್ಯಾಹ್ನದವರೆಗೆ ಕೂರಿಸಿದರು. ಮದುವೆಯವರು ಒಬ್ಬೊಬ್ಬರೇ ಬೇರೆ ಮೈಕ್‌ಸೆಟ್ ಗೊತ್ತುಮಾಡಿಕೊಂಡರು. ಗೌರಮ್ಮನಿಗೆ ಮಂಡಿಗೆ ಬರಬೇಡವೆಂದರು. ನಾನು ಅವರ ಮನೆಗೆ ಹೋದಾಗ ಅವಳು ಗಂಡನ ಮುಂದೆ ಮುದ್ದೆಯ ತಟ್ಟೆ ಇಡುತ್ತಾ, ‘ಹೇಳೋದು ಹೇಳ್ಬುಟ್ಯಲ್ಲ, ಇನ್ನು ಉಣ್ಣೋದು ಉಣ್ಣು’ ಎಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ಹೊಗಳಿಕೆಯೂ ಇರಲಿಲ್ಲ.

ಪದ ಬರೆದುಕೊಟ್ಟವಳು ಇಂಗ್ಲಿಷ್ ಮೇಡಂ ಎಂದು ಯಾರೋ ಹೇಳಿದ್ದರು. ಲಕ್ಕಣ್ಣ ಠಾಣೆಯಲ್ಲೂ, ಬಸವರಾಜಪ್ಪನವರ ಎದುರೂ, ‘ಆ ಯಮ್ಮಂಗೆ ಆ ಇಂಗ್ಲಿಷ್ ತಲೆಬುಡ ತಿಳೀಲಿಲ್ಲ ಸಾರ್, ಸುಮ್ನೆ ಶಾಂತಿ ಗೀಂತಿ ಅಂತ ಏನೋ ಬರ್ಕೊಟ್ರು. ನಾನೇ ಕಟ್ಕಂಡಿದ್ದು’ ಎಂದಿದ್ದನಂತೆ. ನನ್ನ ಕೆಲಸ ಉಳಿಸಲು ನನ್ನ ಇಂಗ್ಲಿಷಿನ ಮಾನ ಕಳೆದಿದ್ದ. ಅದನ್ನು ಕೇಳಿ ನನಗೆ ಬಂದ ಕೋಪಕ್ಕೆ ಪಾರವಿರಲಿಲ್ಲ.

ಬಸವರಾಜಪ್ಪನವರು ನನ್ನನ್ನು ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇತ್ತು. ಲಕ್ಕಣ್ಣನಿಂದ ಕ್ಯಾಸೆಟ್ ತರಿಸಿಕೊಂಡಿದ್ದರು. ಗುಂಡಿ ಒತ್ತಿ, ‘ಇದು ನಿಮಗೆ ತಿಳಿಯುತ್ತೇನಮ್ಮ?’ ಎಂದು ಕೇಳಿದರು. ತಿಳಿಯುವುದಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರಿಗೂ ಅದೇ ಬೇಕಿತ್ತು ಅನ್ನಿಸುತ್ತದೆ. ನಾನು ಟೇಪ್ ನಿಲ್ಲಿಸಿ, ಮೊದಲಿನಿಂದ ಒಂದೊಂದೇ ಸಾಲು ಹಾಕಿ ಅರ್ಥ ಹೇಳುತ್ತಾ ಹೋದೆ. ಒಂದು ಪಾಠ ಮಾಡುವಷ್ಟು ಹೊತ್ತು ಹಿಡಿಯಿತು. ತಿಳಿಯದ ಕಡೆ, ‘ಇದು ತಿಳಿಯುವುದಿಲ್ಲ ಸಾರ್’ ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ‘ಅಲ್ಲೂ ಹಿಂಗೇನಾ? ಅವನ ಸರ್ಕಾರ ಅವನ್ನ ಸುಮ್ನೆ ಬಿಟ್ಟಿದೆಯಾ?’

‘ಅಲ್ಲೂ ದ್ರೋಹಿ ಅನ್ನೋರು ಇದ್ದೇ ಇರ್ತಾರೆ ಸಾರ್.’

ಕೆಲಸದಿಂದ ತೆಗೆಯಲಿಲ್ಲ. ಹತ್ತನೆಯ ತರಗತಿಯಿಂದ ಬಿಡಿಸಿ, ಅದೇ ಮಂಡಳಿಯ ಪ್ರಾಥಮಿಕ ಶಾಲೆಯ ಒಂದನೆಯ ತರಗತಿಗೆ ಹಾಕಿದರು. ಆ ವರ್ಷವೆಲ್ಲ ಎ ಫಾರ್ ಆಪಲ್ ಹೇಳಿಕೊಟ್ಟೆ. ಲಕ್ಕಣ್ಣನಿಗೆ ವಿಷಯ ತಿಳಿದು, ‘ಅಷ್ಟು ಚೆನ್ನಾಗಿ ಸುಳ್ಳು ಹೇಳಿ ಉಳ್ಸಿದ್ನಲ್ರೀ, ಹೋಗಿ ನಿಜ ಹೇಳ್ಬುಟ್ರಲ್ಲ!’ ಎಂದು ತಲೆ ಚಚ್ಚಿಕೊಂಡ. ಆಮೇಲೆ ಜೋರಾಗಿ ನಕ್ಕ. ನನಗೂ ನಗು ಬಂತು, ಕೋಪ ಅಲ್ಲಿಗೆ ಹೋಯಿತು.

ಅವನು ಸೋತು ಕೂರುವ ಆಸಾಮಿಯಲ್ಲ. ಆಟೋ ಹತ್ತಿಕೊಂಡು ಚಿಕ್ಕನಾಯಕನಹಳ್ಳಿಯ ಕಡೆ, ಕಂದಿಕೆರೆಯ ಕಡೆ ಹೋಗಿ ಮದುವೆ ಹಿಡಿದ. ಗೌರಮ್ಮ ತಿಪಟೂರಿನ ಮಂಡಿಗೆ ಬಸ್ಸಿನಲ್ಲಿ ಹೋಗಿಬರತೊಡಗಿದಳು. ಎರಡು ವರ್ಷ ಕಳೆಯುವಷ್ಟರಲ್ಲಿ ನಮ್ಮೂರಿನವರೂ ಮೆಲ್ಲಗೆ ಅವನ ಅಂಗಡಿಗೆ ಬರತೊಡಗಿದರು. ಮಂಡಿಯ ಪೂಜೆಗೆ ಅವನದೇ ಮೈಕಿಗೆ ಹೇಳಿಕಳಿಸಿದ ಬಸವರಾಜಪ್ಪನವರು ಎಲೆ ಅಡಿಕೆ ಕೊಡುವಾಗ, ‘ಅವತ್ತು ನಿನ್ನ ಅಲ್ಲಾಡ್ಸಿ ತಗಂಡೆ ಕಣಪ್ಪಾ, ಒಡ್ದು ನೋಡ್ಲಿಲ್ಲ’ ಎಂದರಂತೆ. ಆ ಪದ ಮಾತ್ರ ಮತ್ತೆ ಹೇಳು ಎಂದು ಯಾರೂ ಕರೆಯಲಿಲ್ಲ. ಅವನೂ ಕೇಳಲಿಲ್ಲ.

ನನಗೆ ಸರ್ಕಾರಿ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ ಬೇರೆ ಹಳ್ಳಿಗೆ ಹೋದೆ. ಅಮೆರಿಕ ಮತ್ತೆ ಮರಳುಗಾಡಿನ ದೇಶದ ಮೇಲೆ ಯುದ್ಧಕ್ಕೆ ಹೊರಟ ವರ್ಷ, ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿದ್ದಾಗ, ತಿಪಟೂರಿನ ಬಸ್ಸಿನಲ್ಲಿ ಲಕ್ಕಣ್ಣ ಸಿಕ್ಕಿದ. ಜೊತೆಯಲ್ಲಿ ಗೌರಮ್ಮ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಅದೇ ಬೂಟು. ಜೇಬಿನಿಂದ ಒಂದು ಕರಪತ್ರ ತೆಗೆದು ನನ್ನ ಕೈಗಿಟ್ಟ.

‘ಒಸಿ ಓದಿ ಮೇಡಮ್ಮೋರೆ. ಜೋರಾಗಿ ಓದಿ.’

ತಿಪಟೂರಿನ ಕಾಲೇಜು ಹುಡುಗರು ಯುದ್ಧದ ವಿರುದ್ಧ ಸಭೆ ಇಟ್ಟುಕೊಂಡಿದ್ದರು. ಕೆಳಗೆ ಅಚ್ಚಾಗಿತ್ತು, ‘ಪದ: ನಿವೃತ್ತ ಹವಾಲ್ದಾರ್ ಲಕ್ಕಣ್ಣ, ತುರುವೇಕೆರೆ.’ ಬಸ್ಸಿನವರೆಲ್ಲ ಕೇಳುವಂತೆ ಓದಿದೆ. ಅವನು ಕಿಟಕಿಯ ಆಚೆ ನೋಡುತ್ತಾ ಕೂತಿದ್ದ, ಮೀಸೆಯ ಕೆಳಗೆ ನಗು ನಿಲ್ಲುತ್ತಿರಲಿಲ್ಲ. ‘ಮೈಕ್ ನಂದಲ್ಲ, ಅವ್ರದೇ. ಎಷ್ಟೊತ್ತಾದ್ರೂ ಹೇಳಿ ಅಂದವ್ರೆ. ಬನ್ನಿ, ಅರ್ಧ ಪದ ನಿಮ್ದೂ ಅಲ್ವಾ?’

ನನಗೆ ಬಿ.ಇ.ಓ. ಕಚೇರಿಯಲ್ಲಿ ಕೆಲಸವಿತ್ತು. ಹಾಲ್‌ಟಿಕೆಟ್ಟಿನಲ್ಲಿ ಇಬ್ಬರು ಹುಡುಗರ ಹೆಸರು ತಪ್ಪಾಗಿತ್ತು, ಅವತ್ತೇ ತಿದ್ದಿಸಬೇಕಿತ್ತು. ‘ಮುಂದಿನ ಸಲ ಖಂಡಿತ ಬರ್ತೀನಿ ಲಕ್ಕಣ್ಣ’ ಎಂದೆ. ‘ಆಯ್ತು ಬುಡಿ, ಹುಡುಗ್ರ ಕೆಲ್ಸ ಮೊದ್ಲು’ ಎಂದ. ಕಾಲೇಜಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು. ಪಂಚೆ ಎತ್ತಿಕಟ್ಟಿ, ಬೂಟಿನ ಹೆಜ್ಜೆ ಹಾಕುತ್ತಾ ಹುಡುಗರ ಗುಂಪಿನ ಕಡೆ ಹೋದ.

ಆ ವರ್ಷದ ಆಷಾಢದಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ. ಸುದ್ದಿ ನನಗೆ ತಲುಪಿದ್ದು ತಿಥಿಯೆಲ್ಲ ಮುಗಿದ ಮೇಲೆ. ಗೌರಮ್ಮನನ್ನು ಮಾತಾಡಿಸಲು ಹೋದಾಗ ಅವಳು ಆ ಸಭೆಯ ಮಾತು ತೆಗೆದಳು. ಪೂರ್ತಿ ಪದ ಹೇಳಿದನಂತೆ, ರಿಬ್ಬನ್ನಿನ ಸಾಲು ಸಮೇತ. ಹುಡುಗರು ಬೆಂಚು ಬಡಿದು ತಾಳ ಹಾಕಿದರಂತೆ, ಮತ್ತೊಮ್ಮೆ ಹೇಳಿಸಿದರಂತೆ. ವ್ಯವಸ್ಥೆ ಮಾಡಿದ್ದ ಹುಡುಗ ಮೈಕ್ ತೆಗೆದುಕೊಳ್ಳಲು ಬಂದರೆ ಇವನು ಕೊಡದೆ ಸ್ವಲ್ಪ ಹೊತ್ತು ನಿಂತನಂತೆ.

‘ಜನದಾಗೆ ನಿಮ್ಮುನ್ನ ಹುಡುಕ್ತು ಕಣವ್ವ. ಕೆಲ್ಸ ಬ್ಯಾಗ ಮುಗ್ದಿದ್ರೆ ಬಂದಿರ್ತಾರೆ ನೋಡೇ ಅಂತು’ ಎಂದಳು ಗೌರಮ್ಮ.

ಆ ಹೊತ್ತಿನಲ್ಲಿ ನಾನು ಬಿ.ಇ.ಓ. ಕಚೇರಿಯ ಬೆಂಚಿನ ಮೇಲೆ, ಊಟಕ್ಕೆ ಹೋದ ಗುಮಾಸ್ತ ಬರಲೆಂದು ಕಾಯುತ್ತಾ ಕೂತಿದ್ದೆ. ಎರಡು ಗಂಟೆ ಕಾದೆ. ಅಲ್ಲಿಂದ ಆ ಕಾಲೇಜಿಗೆ ನಡೆದರೆ ಹತ್ತು ನಿಮಿಷ.